ನಾಲ್ಕು ಮಿಲಿಮೀಟರ್ ಸಂದು

ಮೆಟ್ರೊ ನಿಲ್ದಾಣದ ಎಸ್ಕಲೇಟರಿನಲ್ಲಿ ಶೂ ಉಜ್ಜಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಮೆಟ್ಟಿಲುಗಳ ಎರಡೂ ಬದಿಯಲ್ಲಿ, ಪಾದದಿಂದ ತುಸು ಮೇಲೆ, ಉದ್ದಕ್ಕೂ ಕಪ್ಪು ಬ್ರಷ್ಷಿನ ಸಾಲಿರುತ್ತದೆ. ಆಫೀಸಿಗೆ ಹೊರಟವರು ಶೂವಿನ ಅಂಚನ್ನು ಅದಕ್ಕೆ ಒತ್ತಿ ಹಿಡಿದು ನಿಂತರೆ ಸಾಕು, ಮೇಲೆ ತಲುಪುವಷ್ಟರಲ್ಲಿ ಧೂಳು ಹೋಗಿರುತ್ತದೆ. ಬಿಟ್ಟಿ ಪಾಲಿಶ್! ಆದರೆ ಆ ಬ್ರಷ್ಷನ್ನು ಕೂರಿಸಿರುವುದು ಕಾಲನ್ನು ದೂರ ಇಡುವುದಕ್ಕೆ. ಪಾದದ ಪಕ್ಕಕ್ಕೆ ಏನಾದರೂ ತಾಕಿದರೆ ಮನುಷ್ಯ ತನಗರಿವಿಲ್ಲದೆಯೇ ಕಾಲನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಆ ಅಭ್ಯಾಸವನ್ನೇ ನಂಬಿ ಮಾಡಿದ ಏರ್ಪಾಡು ಅದು. ಸೀರೆಯ ಅಂಚನ್ನೂ ಅದು ಆಚೆ ತಳ್ಳುತ್ತದೆ. ಅದಕ್ಕೇ ನಮ್ಮ ದೇಶದ ಮೆಟ್ರೊಗಳಲ್ಲಿ ಅದಕ್ಕೆ ಸೀರೆ ಗಾರ್ಡ್ ಎನ್ನುತ್ತಾರೆ. ಶೂ ಉಜ್ಜುವವರು ಯಾವ ಜಾಗದಿಂದ ದೂರವಿರಬೇಕೋ ಸರಿಯಾಗಿ ಅದಕ್ಕೇ ಕಾಲು ಒಡ್ಡಿಕೊಂಡು ನಿಂತಿರುತ್ತಾರೆ.

ಬ್ರಷ್ಷಿನ ಕೆಳಗಿರುವುದು ಒಂದು ಸಂದು. ಒಂದು ಕಡೆ ಚಲಿಸುವ ಮೆಟ್ಟಿಲು, ಇನ್ನೊಂದು ಕಡೆ ಕದಲದ ಪಕ್ಕದ ತಗಡು. ಇವೆರಡೂ ಒಂದನ್ನೊಂದು ಉಜ್ಜಬಾರದು, ಹಾಗಾಗಿ ನಡುವೆ ಜಾಗ ಬಿಡಲೇಬೇಕು. ಎಷ್ಟು ಬಿಡಬಹುದು ಎಂಬುದಕ್ಕೆ ಯುರೋಪಿನ ಮಾನದಂಡದಲ್ಲಿ ಮಿತಿಯಿದೆ: ಒಂದೊಂದು ಬದಿಗೆ ಹೆಚ್ಚೆಂದರೆ 4 ಮಿಲಿಮೀಟರ್, ಎರಡೂ ಬದಿ ಸೇರಿ 7 ಮಿಲಿಮೀಟರ್. ಎಸ್ಕಲೇಟರಿನ ಸುರಕ್ಷತೆಯ ಒಂದು ದೊಡ್ಡ ಭಾಗವನ್ನು ಇಂಥ ಸಂದುಗಳ ಕಥೆಯಾಗಿ ಹೇಳಬಹುದು. ಚಲಿಸುವ ವಸ್ತು ನಿಂತ ವಸ್ತುವನ್ನು ಸಂಧಿಸುವ ಜಾಗಗಳು ಈ ಯಂತ್ರದಲ್ಲಿ ಬೆರಳೆಣಿಕೆಯಷ್ಟು. ನಿಲ್ದಾಣದ ಗೋಡೆಯ ಮೇಲೆ ಬರೆದಿರುವ ಸೂಚನೆಗಳಲ್ಲಿ ಹಲವು ಹುಟ್ಟಿದ್ದು ಅಲ್ಲಿಂದಲೇ.

ಮೊದಲು ಯಂತ್ರದ ಹೊಟ್ಟೆಯೊಳಗೆ ಇಣುಕೋಣ. ಒಂದೊಂದು ಮೆಟ್ಟಿಲೂ ನಾಲ್ಕು ಚಕ್ರಗಳ ಪುಟ್ಟ ಗಾಡಿ. ಅದರ ಒಂದು ಜೊತೆ ಚಕ್ರ ಎರಡು ಬದಿಯ ಸರಪಳಿಗೆ ಸೇರಿಕೊಂಡಿರುತ್ತದೆ. ಮೋಟಾರು ಆ ಸರಪಳಿಯನ್ನು ಎಳೆಯುತ್ತದೆ. ಇನ್ನೊಂದು ಜೊತೆ ಬೇರೆಯದೇ ಹಳಿಯ ಮೇಲೆ ಉರುಳುತ್ತದೆ. ಏರಿನಲ್ಲಿ ಈ ಎರಡು ಹಳಿಗಳ ನಡುವಿನ ಅಂತರ ಎಷ್ಟಿರುತ್ತದೆಂದರೆ ಮೆಟ್ಟಿಲಿನ ಮೇಲ್ಮೈ ಸದಾ ಮಟ್ಟಸವಾಗಿ ಉಳಿಯುತ್ತದೆ. ಮೇಲೂ ಕೆಳಗೂ ಹಳಿಗಳ ಅಂತರ ಬದಲಾಗಿ ಮೆಟ್ಟಿಲುಗಳು ಒಂದಕ್ಕೊಂದು ಸಮನಾಗಿ ಚಪ್ಪಟೆಯಾಗುತ್ತವೆ. ಆಮೇಲೆ ನೆಲದಡಿಗೆ ನುಸುಳಿ, ತಲೆಕೆಳಗಾಗಿ, ಹೊರಟಲ್ಲಿಗೆ ವಾಪಸಾಗುತ್ತವೆ. ಸಾಮಾನ್ಯವಾಗಿ ಏರಿನ ಕೋನ 30 ಡಿಗ್ರಿ. ವೇಗ ಸೆಕೆಂಡಿಗೆ ಅರ್ಧ ಮೀಟರ್. ಜನದಟ್ಟಣೆಯ ಮೆಟ್ರೊಗಳಲ್ಲಿ 0.65, ಲಂಡನ್ನಿನ ಸುರಂಗ ರೈಲಿನಲ್ಲಿ 0.75 ಮೀಟರ್.

ಮೆಟ್ಟಿಲುಗಳು ಚಪ್ಪಟೆಯಾಗುವ ಆ ತಿರುವಿನಲ್ಲೇ ತೊಂದರೆ. ಅಲ್ಲಿ ಅಕ್ಕಪಕ್ಕದ ಮೆಟ್ಟಿಲುಗಳೂ ಒಂದಕ್ಕೊಂದು ಉಜ್ಜಿದಂತೆ ಜಾರುತ್ತವೆ, ಪಕ್ಕದ ತಗಡಿಗೆ ಒತ್ತಿಕೊಂಡಿದ್ದ ಚಪ್ಪಲಿಯೂ ಜೊತೆಯಲ್ಲೇ ಎಳೆಯಲ್ಪಡುತ್ತದೆ. ರಸ್ತೆ ಬದಿಯ ಕಬ್ಬಿನ ಹಾಲಿನ ಯಂತ್ರದಲ್ಲಿ ಉರುಳೆಗಳ ನಡುವಿನ ಸಂದು ಕಬ್ಬಿನ ಜಲ್ಲೆಗಿಂತ ಕಿರಿದು, ಆದರೂ ತುದಿ ತಾಕಿಸಿದರೆ ಜಲ್ಲೆ ತಾನಾಗಿ ಒಳಗೆ ಹೋಗುತ್ತದೆ. ನಾಲ್ಕು ಮಿಲಿಮೀಟರಿನೊಳಗೆ ಚಪ್ಪಲಿ ಹೋಗುವುದು ಹೀಗೆಯೇ. ಅದಕ್ಕೆ ಎರಡು ಗುಣ ಬೇಕು: ಒತ್ತಿದರೆ ಬಾಗುವ ಮೆದುತನ, ತಗಡಿಗೆ ಅಂಟಿಕೊಳ್ಳುವ ಘರ್ಷಣೆ. ಚರ್ಮದ ಬೂಟಿಗೆ ಇವೆರಡೂ ಕಡಿಮೆ. ರಬ್ಬರಿನ ಹವಾಯಿ ಚಪ್ಪಲಿಗೆ, ಮೆದುವಾದ ಫೋಮಿನ ಕ್ಲಾಗ್ ಚಪ್ಪಲಿಗೆ ಎರಡೂ ಧಾರಾಳ.

ಇದು ಬರೀ ಊಹೆಯ ಮಾತಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2008ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2006ರ ಜನವರಿಯಿಂದ ಅದರ ಬಳಿ ಬಂದಿದ್ದ, ಎಸ್ಕಲೇಟರಿಗೆ ಸಿಕ್ಕಿಕೊಂಡ 77 ಪ್ರಕರಣಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮೆದು ಅಂಚಿನ ಕ್ಲಾಗ್ ಅಥವಾ ಸ್ಲಿಪ್ಪರ್ ತೊಟ್ಟವರವು. ಅದೇ ವರ್ಷ ಜಪಾನ್ ಸರ್ಕಾರ ಇಂಥ ಚಪ್ಪಲಿ ತಯಾರಿಸುವ ಕ್ರಾಕ್ಸ್ ಕಂಪನಿಗೆ ವಿನ್ಯಾಸ ಬದಲಿಸುವಂತೆ ಕೇಳಿತು. ಮಕ್ಕಳೇ ಹೆಚ್ಚು ಸಿಕ್ಕಿಬೀಳುವುದಕ್ಕೂ ಕಾರಣ ಸರಳ. ಅವರ ಪಾದ ಪುಟ್ಟದು, ಬೆರಳುಗಳ ಮೇಲೆ ರಬ್ಬರಿನ ತೆಳು ಪದರ ಮಾತ್ರ. ಮೇಲಾಗಿ ಅಂಚಿನ ಹಳದಿ ಗೆರೆ ಯಾತಕ್ಕಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಗೆರೆಯನ್ನು ಮೀರಿ ಪಾದ ಇಡಬಾರದು, ಅಷ್ಟೇ. ಗೆರೆಯೊಳಗೆ ನಿಂತ ರಬ್ಬರ್ ಚಪ್ಪಲಿಯೂ ಕ್ಷೇಮ.

ಬಟ್ಟೆಯ ಲೆಕ್ಕ ಬೇರೆ. ಚಪ್ಪಲಿ ಸಿಕ್ಕರೆ ಕಾಲು ಕಿತ್ತುಕೊಂಡು ಬರಬಹುದು. ಸೀರೆಯೋ ಮೈಗೆ ಸುತ್ತಿದೆ. ವೇಲಿನ ವಿಚಾರ ಇನ್ನೂ ಕೆಟ್ಟದ್ದು, ಅದು ಕುತ್ತಿಗೆಯ ಸುತ್ತ ಇದೆ. ಅಮೆರಿಕ, ಯುರೋಪುಗಳಲ್ಲಿ ಬೆಳೆದ ಈ ಯಂತ್ರಕ್ಕೆ ಐದೂವರೆ ಮೀಟರ್ ಸೀರೆಯ ಅಭ್ಯಾಸ ಇರಲಿಲ್ಲ. ಹತ್ತುವ ಮುಂಚೆ ನೆರಿಗೆಯನ್ನು ಒಂದು ಕೈಯಲ್ಲಿ ತುಸು ಎತ್ತಿಕೊಳ್ಳಬೇಕು. ಸೆರಗು, ವೇಲು, ಪಂಚೆಯ ಚುಂಗು ಜೋಲಾಡದಂತೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ಕೈ ಪಕ್ಕದ ಕೈಪಟ್ಟಿಯನ್ನು ಹಿಡಿದಿರಬೇಕು. ಮೂರನೆಯ ಕೈ ಇಲ್ಲದ್ದರಿಂದ ಫೋನು ಬ್ಯಾಗಿನೊಳಗೇ ಇರಲಿ.

ಎರಡನೆಯ ಸಂದು ಮೆಟ್ಟಿಲುಗಳು ನೆಲದೊಳಗೆ ಮಾಯವಾಗುವ ಕಡೆ. ಇದನ್ನು ಬಗೆಹರಿಸಲು ಸುಮಾರು ಇಪ್ಪತ್ತೈದು ವರ್ಷ ಹಿಡಿಯಿತು. ಜೆಸ್ಸಿ ರೆನೊ ಎಂಬ ಅಮೆರಿಕನ್ ಎಂಜಿನಿಯರ್ 1896ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಓಡಿಸಿದ ಯಂತ್ರಕ್ಕೆ ಮೆಟ್ಟಿಲೇ ಇರಲಿಲ್ಲ. ಅದು ಬರೀ ಇಳಿಜಾರಾದ ಪಟ್ಟೆ. ಆದರೆ ಆ ಪಟ್ಟೆಯ ಮೇಲೆ ಉದ್ದುದ್ದ ಗೀರುಗಳಿದ್ದವು, ಕೊನೆಯಲ್ಲಿ ಬಾಚಣಿಗೆಯಂಥ ಹಲ್ಲುಗಳು ಆ ಗೀರಿನೊಳಗೆ ಕೂತು ಕಾಲನ್ನು ಮೆತ್ತಗೆ ಮೇಲೆತ್ತಿ ನೆಲಕ್ಕೆ ದಾಟಿಸುತ್ತಿದ್ದವು. ಇನ್ನೊಬ್ಬ, ಚಾರ್ಲ್ಸ್ ಸೀಬರ್ಗರ್, ಓಟಿಸ್ ಕಂಪನಿಯ ಜೊತೆ ಸೇರಿ ನಿಜವಾದ ಮೆಟ್ಟಿಲುಗಳ ಯಂತ್ರ ಮಾಡಿ 1900ರ ಪ್ಯಾರಿಸ್ ಮೇಳದಲ್ಲಿ ತೋರಿಸಿದ. ಅದರ ಮೆಟ್ಟಿಲು ನುಣುಪು, ಬಾಚಣಿಗೆಗೆ ಎಡೆಯಿಲ್ಲ. ಹಾಗಾಗಿ ಕೊನೆಯಲ್ಲಿ ಓರೆಯಾಗಿ ಒಂದು ಅಡ್ಡಗಟ್ಟೆ ಇರುತ್ತಿತ್ತು. ಜನ ಪಕ್ಕಕ್ಕೆ ಹೆಜ್ಜೆ ಹಾಕಿ ಇಳಿಯಬೇಕು, ಮರೆತರೆ ಗಟ್ಟೆಯೇ ತಳ್ಳುತ್ತಿತ್ತು. 1911ರಲ್ಲಿ ಲಂಡನ್ ಸುರಂಗ ರೈಲಿಗೆ, ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ, ಮೊದಲು ಬಂದದ್ದು ಈ ಬಗೆಯದು. ಒಬ್ಬನ ಮೆಟ್ಟಿಲಿಗೆ ಇನ್ನೊಬ್ಬನ ಬಾಚಣಿಗೆ ಕೂಡಿಕೊಂಡದ್ದು 1920ರ ದಶಕದ ಆರಂಭದಲ್ಲಿ, ಎರಡೂ ಪೇಟೆಂಟುಗಳು ಓಟಿಸ್ ಕೈಗೆ ಬಂದ ಮೇಲೆ. (ಲಂಡನ್ನಿನ ಹ್ಯಾರಡ್ಸ್ ಅಂಗಡಿಯವರು 1898ರಲ್ಲಿ ಚಲಿಸುವ ಪಟ್ಟೆಯೊಂದನ್ನು ಹಾಕಿಸಿ, ಮೇಲೆ ತಲುಪಿ ಬೆದರಿದ ಗಿರಾಕಿಗಳಿಗೆ ಬ್ರಾಂಡಿ ಕೊಡುತ್ತಿದ್ದರಂತೆ. ನಮ್ಮ ಮೆಟ್ರೊಗಳು ಇಷ್ಟು ಉದಾರವಾಗುವ ಸೂಚನೆಯಿಲ್ಲ.)

ಇಂದು ಮೆಟ್ಟಿಲಿನ ಮೇಲಿನ ಗೀರುಗಳು 5ರಿಂದ 7 ಮಿಲಿಮೀಟರ್ ಅಗಲ; ಬಾಚಣಿಗೆಯ ಹಲ್ಲು ಅದರೊಳಗೆ ಕನಿಷ್ಠ 4 ಮಿಲಿಮೀಟರ್ ಆಳ ಇಳಿದಿರಬೇಕು. ಒಂದು ಹಲ್ಲು ಮುರಿದರೂ ಅಲ್ಲೊಂದು ಬಾಯಿ ತೆರೆದಂತೆ. ಏನಾದರೂ ಸಿಕ್ಕಿ ಬಾಚಣಿಗೆ ಹಿಂದಕ್ಕೆ ಸರಿದರೆ ಒಳಗಿನ ಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಕೈಪಟ್ಟಿ ಕಂಬದೊಳಗೆ ನುಗ್ಗುವ ತೂತಿನಲ್ಲೂ ಇಂಥದೇ ಸ್ವಿಚ್ಚಿದೆ. ಆ ಎತ್ತರಕ್ಕೆ ಎಟುಕುವುದು ಮಕ್ಕಳ ಬೆರಳು.

ಸಂದಿನ ಭೀಕರ ಕಥೆ ಮಾತ್ರ ಚಪ್ಪಲಿಯದೂ ಅಲ್ಲ, ಬೆರಳಿನದೂ ಅಲ್ಲ. 1987ರ ನವೆಂಬರ್ 18ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರಿನ ಮೇಲೆ ಯಾರೋ ಗೀರಿದ ಬೆಂಕಿಕಡ್ಡಿ ಕೆಳಗೆ ಬಿತ್ತು. ಸುರಂಗ ನಿಲ್ದಾಣಗಳಲ್ಲಿ ಸಿಗರೇಟನ್ನು ಎರಡು ವರ್ಷದ ಹಿಂದೆಯೇ ನಿಷೇಧಿಸಿದ್ದರು. ಆದರೆ ಹೊರಗೆ ಹೋಗುವವರು ಎಸ್ಕಲೇಟರಿನ ಮೇಲೇ ಹಚ್ಚಿಕೊಳ್ಳುವುದು ನಡೆದೇ ಇತ್ತು. ಕಡ್ಡಿ ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವಿನ ಸಂದಿನಲ್ಲಿ ಜಾರಿತು. ಕೆಳಗೆ ದಶಕಗಳಿಂದ ಕೂತ ಗ್ರೀಸು, ಅದಕ್ಕೆ ಅಂಟಿದ ಕಾಗದ, ಕೂದಲು, ಬಟ್ಟೆಯ ನಾರು. ಹಿಂದೆಯೂ ಅಲ್ಲಿ ಸಣ್ಣಪುಟ್ಟ ಬೆಂಕಿ ಹತ್ತಿ ತಾನಾಗಿ ಆರಿದ ಗುರುತುಗಳು ತನಿಖೆಯಲ್ಲಿ ಸಿಕ್ಕವು. ಈ ಸಲ ಆರಲಿಲ್ಲ. ಯಂತ್ರದ ಕೋಣೆಯಲ್ಲಿದ್ದ ನೀರು ಸಿಂಪಡಿಸುವ ಉಪಕರಣವನ್ನು ಯಾರೂ ಬಳಸಲಿಲ್ಲ. ಏಳೂವರೆಗೆ ಪ್ರಯಾಣಿಕರ ಕಣ್ಣಿಗೆ ಬಿದ್ದ ಬೆಂಕಿ, ಕಾಲು ಗಂಟೆಯಲ್ಲಿ ಮೇಲಿನ ಟಿಕೆಟ್ ಹಾಲ್‌ಗೆ ಸ್ಫೋಟದಂತೆ ನುಗ್ಗಿ 31 ಜನರನ್ನು ಬಲಿ ತೆಗೆದುಕೊಂಡಿತು.

ಅಷ್ಟು ಚಿಕ್ಕ ಬೆಂಕಿ ಹಾಗೆ ನುಗ್ಗಿದ್ದು ಹೇಗೆಂದು ತಜ್ಞರಿಗೇ ಹೊಳೆಯಲಿಲ್ಲ. ಹಾರ್ವೆಲ್ ಪ್ರಯೋಗಾಲಯದ ಕಂಪ್ಯೂಟರ್ ಮಾದರಿ ಒಂದು ವಿಚಿತ್ರ ಉತ್ತರ ಕೊಟ್ಟಿತು: ಜ್ವಾಲೆ ಮೇಲೆದ್ದು ನಿಲ್ಲಲಿಲ್ಲ, ಎಸ್ಕಲೇಟರಿನ ತೊಟ್ಟಿಯೊಳಗೇ ಮಲಗಿಕೊಂಡು ಏರಿತು. 30 ಡಿಗ್ರಿ ಇಳಿಜಾರು, ಎರಡೂ ಬದಿಗೆ ಗೋಡೆ. ಬಿಸಿ ಗಾಳಿ ಮೆಟ್ಟಿಲುಗಳಿಗೆ ಅಂಟಿಕೊಂಡೇ ಹರಿದು ಮುಂದಿನ ಮರವನ್ನೆಲ್ಲ ಕಾಯಿಸಿಬಿಟ್ಟಿತು. ಮೊದಲು ಇದನ್ನು ನಂಬಿದವರು ಕಡಿಮೆ. ಮೂರನೇ ಒಂದು ಅಳತೆಯ ಮಾದರಿ ಕಟ್ಟಿ ಬೆಂಕಿಯಿಟ್ಟು ನೋಡಿದಾಗ ಜ್ವಾಲೆ ನಿಜವಾಗಿಯೂ ಮಲಗಿತು. ಈ ವಿದ್ಯಮಾನ ಅಗ್ನಿಶಾಸ್ತ್ರಕ್ಕೇ ಹೊಸದಾಗಿತ್ತು. ಮರದ ಎಸ್ಕಲೇಟರುಗಳು ಒಂದೊಂದಾಗಿ ಹೋದವು. ಲಂಡನ್ ಸುರಂಗ ರೈಲಿನ ಕೊನೆಯದು, ಗ್ರೀನ್‌ಫೋರ್ಡ್ ನಿಲ್ದಾಣದ್ದು, 2014ರಲ್ಲಿ. ಇಂದಿನ ಮೆಟ್ಟಿಲು ಅಲ್ಯೂಮಿನಿಯಮ್ಮಿನದೋ ಉಕ್ಕಿನದೋ ಆದರೂ ಸಂದಿನೊಳಗೆ ಕಡಲೆಕಾಯಿ ಸಿಪ್ಪೆ, ಟಿಕೆಟ್ ಚೂರು ಉದುರಿಸಬಾರದೆಂಬ ನಿಯಮಕ್ಕೆ ಕಿಂಗ್ಸ್ ಕ್ರಾಸಿನ ಗ್ರೀಸು ಸಾಕಷ್ಟು ಕಾರಣ.

ಇಷ್ಟು ಹೊತ್ತು ಸಂದಿನ ಬಗ್ಗೆ ಹೇಳಿದೆ. ಆದರೆ ಆಸ್ಪತ್ರೆಗೆ ಹೋಗುವವರಲ್ಲಿ ಸಂದಿಗೆ ಸಿಕ್ಕವರು ಅಲ್ಪಸಂಖ್ಯಾತರು. ಅಮೆರಿಕದ ಅದೇ ಆಯೋಗದ ಅಂದಾಜಿನಂತೆ 2007ರಲ್ಲಿ ಆ ದೇಶದಲ್ಲಿ ಎಸ್ಕಲೇಟರಿನಿಂದ ಗಾಯಗೊಂಡವರು 11,000. ಕೈಕಾಲು, ಚಪ್ಪಲಿ ಸಿಕ್ಕಿಕೊಂಡವರು ಅದರಲ್ಲಿ ಶೇ 10ರಷ್ಟು. ಹೆಚ್ಚಿನವರು ಸುಮ್ಮನೆ ಬಿದ್ದವರು.

ಬೀಳುವುದೇಕೆ? ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರಿನ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಉತ್ತರ ಸಿಗುತ್ತದೆ. ಬಸ್ಸು, ರೈಲು ಇಳಿದು ಬಂದ ಹಳ್ಳಿಯ ಹಿರಿಯರು ಅಲ್ಲಿ ಥಟ್ಟನೆ ನಿಲ್ಲುತ್ತಾರೆ. ಒಂದು ಕಾಲು ಎತ್ತುತ್ತಾರೆ, ಇಳಿಸುತ್ತಾರೆ, ಮೆಟ್ಟಿಲು ಎಣಿಸುವವರಂತೆ ತಲೆಯಾಡಿಸುತ್ತಾರೆ. ಹಿಂದಿನವರು "ಹೋಗಿ ಅಜ್ಜಿ, ಏನೂ ಆಗಲ್ಲ" ಎನ್ನುತ್ತಾರೆ. ಭೌತವಿಜ್ಞಾನದ ಪ್ರಕಾರ ಅಜ್ಜಿಯ ಅಂಜಿಕೆ ನ್ಯಾಯವಾದದ್ದೇ, ನಿಂತುಬಿಡುವುದು ಮಾತ್ರ ಅಪಾಯದ್ದು. ಮಾಮೂಲಿ ನಡಿಗೆಯಲ್ಲಿ ದೇಹ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿರುತ್ತದೆ. ನಡೆಯುತ್ತಲೇ ಮೆಟ್ಟಿಲಿಗೆ ಕಾಲಿಟ್ಟವರಿಗೆ ಅರ್ಧ ಮೀಟರಿನ ವೇಗ ಏನೇನೂ ಅಲ್ಲ. ನಿಂತವರ ವೇಗ ಸೊನ್ನೆ. ಕಾಲಿಟ್ಟೊಡನೆ ಮೆಟ್ಟಿಲು ಪಾದವನ್ನು ಒಯ್ಯುತ್ತದೆ, ಮುಂಡ ಜಡತ್ವದಿಂದ ಅಲ್ಲೇ ಉಳಿಯುತ್ತದೆ, ಮನುಷ್ಯ ಹಿಂದಕ್ಕೆ ವಾಲುತ್ತಾನೆ. ಈ ನೆಗೆತ ಸರಾಗವಾಗಲೆಂದೇ ಮೇಲೂ ಕೆಳಗೂ ಎರಡು ಮೂರು ಮೆಟ್ಟಿಲುಗಳನ್ನು ಚಪ್ಪಟೆಯಾಗಿ ಓಡಿಸುತ್ತಾರೆ. ಕೈಪಟ್ಟಿ ಮೊದಲು, ಕಾಲು ಆಮೇಲೆ: ಅಂಜುವವರಿಗೆ ಹೇಳಿಕೊಡಬೇಕಾದ ಕ್ರಮ ಇದು. ಕೈ ಮೊದಲೇ ಚಲಿಸತೊಡಗಿದರೆ ಮುಂಡವೂ ಜೊತೆಗೆ ಹೊರಡುತ್ತದೆ.

ಕೈಪಟ್ಟಿಯ ವೇಗದಲ್ಲೂ ಒಂದು ಸೂಕ್ಷ್ಮವಿದೆ. ಅದು ಮೆಟ್ಟಿಲಿಗೆ ಸರಿಸಮನಾಗಿ ಓಡಬೇಕು. ತಪ್ಪಿದರೆ ಶೇ 2ರವರೆಗೆ ಮುಂದೆ ಹೋಗಬಹುದು, ಹಿಂದೆ ಬೀಳಕೂಡದು. ಹಿಂದೆ ಬಿದ್ದ ಪಟ್ಟಿ ಹಿಡಿದವನನ್ನು ಬೆನ್ನ ಕಡೆಗೆ ಎಳೆಯುತ್ತದೆ. ಉದ್ದದ ಎಸ್ಕಲೇಟರಿನಲ್ಲಿ ಕೈ ನಿಧಾನಕ್ಕೆ ಮುಂದಕ್ಕೆ ಸರಿದು, ಅದನ್ನು ಮತ್ತೆ ಹತ್ತಿರ ತಂದುಕೊಳ್ಳುವುದು ನಿಮ್ಮ ಗಮನಕ್ಕೆ ಬಂದಿರಬಹುದು. ಅದು ಕೆಟ್ಟಿಲ್ಲ.

ದೇಹ ಕಲಿತದ್ದನ್ನು ಬಿಡುವುದೂ ಕಷ್ಟ. ಕೆಟ್ಟು ನಿಂತ ಎಸ್ಕಲೇಟರಿಗೆ ಕಾಲಿಟ್ಟಾಗ ಒಂದು ಕ್ಷಣ ಮುಗ್ಗರಿಸಿದಂತಾಗುತ್ತದೆ. ಲಂಡನ್ನಿನ ರೆನಾಲ್ಡ್ಸ್ ಮತ್ತು ಬ್ರಾನ್‌ಸ್ಟೈನ್ ಎಂಬ ಸಂಶೋಧಕರು 2003ರಲ್ಲಿ ಇದನ್ನು ಪ್ರಯೋಗದಲ್ಲಿ ಹಿಡಿದರು. ಚಲಿಸುವ ಹಲಗೆಯ ಮೇಲೆ ಜನರನ್ನು ಮತ್ತೆ ಮತ್ತೆ ಹತ್ತಿಸಿ, ಆಮೇಲೆ "ಈಗ ಇದು ಚಲಿಸುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿ ಹತ್ತಿಸಿದರು. ಆದರೂ ಅವರು ಜೋರಾಗಿ ಹೆಜ್ಜೆಯಿಟ್ಟು ಮುಂದಕ್ಕೆ ವಾಲಿದರು. ಬುದ್ಧಿಗೆ ಗೊತ್ತಾದದ್ದು ಕಾಲಿಗೆ ಮುಟ್ಟಿರಲಿಲ್ಲ. ಕೆಟ್ಟ ಎಸ್ಕಲೇಟರನ್ನು ಮಾಮೂಲಿ ಮೆಟ್ಟಿಲಾಗಿ ಬಳಸುವ ನಮ್ಮ ರೂಢಿಯನ್ನು ನಾನು ಒಪ್ಪದಿರುವುದಕ್ಕೆ ಇದೊಂದು ಕಾರಣ. ಇನ್ನೊಂದು, ಅದರ ಎತ್ತರ. ನಮ್ಮ ಸಾರ್ವಜನಿಕ ಕಟ್ಟಡಗಳ ಮೆಟ್ಟಿಲು 15 ಸೆಂಟಿಮೀಟರ್ ಮೀರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎಸ್ಕಲೇಟರಿನದು 20 ದಾಟಿ 24ರವರೆಗೂ ಇರಬಹುದು, ಮೇಲೆ ಕೆಳಗೆ ಮಾತ್ರ ಕ್ರಮೇಣ ಕುಗ್ಗುತ್ತದೆ. ಒಂದೊಂದು ಹೆಜ್ಜೆಗೂ ಒಂದೊಂದು ಎತ್ತರವಾದರೆ ಎಡವದೆ ಇನ್ನೇನು?

ಹತ್ತುವುದಕ್ಕಿಂತ ಇಳಿಯುವುದರಲ್ಲಿ ಅಪಾಯ ಹೆಚ್ಚು ಎಂದು ಹಿರಿಯರು ಬೆಟ್ಟದ ಬಗ್ಗೆ ಹೇಳುತ್ತಾರೆ. ಎಸ್ಕಲೇಟರಿಗೂ ಅದು ನಿಜ, ಮೋಟಾರಿನ ಮಟ್ಟದಲ್ಲೇ ನಿಜ. ತಲಾ 60 ಕಿಲೋ ತೂಕದ ನೂರು ಜನ ಹತ್ತುತ್ತಿದ್ದಾರೆಂದುಕೊಳ್ಳಿ. ಅವರನ್ನು ಸೆಕೆಂಡಿಗೆ ಕಾಲು ಮೀಟರ್ ಎತ್ತಲು ಸುಮಾರು 15 ಕಿಲೋವಾಟ್, ಅಂದರೆ 20 ಹಾರ್ಸ್‌ಪವರ್ ಬೇಕು. ಅದೇ ನೂರು ಜನ ಇಳಿಯುವಾಗ ಅಷ್ಟೇ ಶಕ್ತಿ ತಿರುಗಿ ಯಂತ್ರಕ್ಕೆ ಬರುತ್ತದೆ. ಆಗ ಮೋಟಾರಿನ ಕೆಲಸ ನೂಕುವುದಲ್ಲ, ತಡೆಯುವುದು. ತಡೆ ತಪ್ಪಿದರೆ? ಮಾಸ್ಕೋದ ಅವಿಯಾಮೊಟೊರ್ನಾಯ ನಿಲ್ದಾಣದಲ್ಲಿ 1982ರ ಫೆಬ್ರವರಿ 17ರಂದು ತಪ್ಪಿತು. ಬ್ರೇಕು ಹಿಡಿಯಲಿಲ್ಲ, ಜನರ ತೂಕವೇ ಮೆಟ್ಟಿಲುಗಳನ್ನು ಕೆಳಕ್ಕೋಡಿಸಿತು, ಬುಡದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 8 ಜನ ಸತ್ತರು. 2018ರ ಅಕ್ಟೋಬರ್ 23ರಂದು ರೋಮ್‌ನ ರಿಪಬ್ಲಿಕಾ ನಿಲ್ದಾಣದಲ್ಲೂ ಫುಟ್‌ಬಾಲ್ ಅಭಿಮಾನಿಗಳು ತುಂಬಿದ್ದ ಇಳಿ ಎಸ್ಕಲೇಟರ್ ಹೀಗೆಯೇ ಓಡಿತು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಇಂಥವನ್ನು ಪ್ರಯಾಣಿಕ ಎಷ್ಟೇ ಜಾಗರೂಕನಾದರೂ ತಡೆಯಲಾರ. ಬ್ರೇಕಿನ ತಪಾಸಣೆ ಮಾಡಬೇಕಾದವರು ಮಾಡಬೇಕು. "ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ" ಎಂಬ ಫಲಕ ನೋಡಿದಾಗಲೆಲ್ಲ ನನಗೆ ಈ ಎರಡು ನಿಲ್ದಾಣಗಳು ನೆನಪಾಗುತ್ತವೆ.

ಜನರ ಕೈಯಲ್ಲಿರುವುದು ಬುಡದ ಜಾಗವನ್ನು ಖಾಲಿ ಬಿಡುವುದು. ಯಂತ್ರಕ್ಕೆ ಕಣ್ಣಿಲ್ಲ. ಮೆಟ್ಟಿಲಿನ ಆಳ ಸುಮಾರು 40 ಸೆಂಟಿಮೀಟರ್ ಎಂದರೆ, ಅರ್ಧ ಮೀಟರ್ ವೇಗದಲ್ಲಿ ಗಂಟೆಗೆ 4,500 ಮೆಟ್ಟಿಲುಗಳು ಬರುತ್ತವೆ. ಮೆಟ್ಟಿಲಿಗೆ ಇಬ್ಬರಂತೆ 9,000 ಜನ. ಯಾರೂ ಅಷ್ಟು ಒತ್ತಾಗಿ ನಿಲ್ಲುವುದಿಲ್ಲ, ಆದ್ದರಿಂದ ಯುರೋಪಿನ ಎಂಜಿನಿಯರುಗಳು ಹಿಡಿಯುವ ಲೆಕ್ಕ 6,000. ಅಂದರೂ ಮೂರು ಸೆಕೆಂಡಿಗೆ ಐದು ಜನ. ಇಳಿದವರು ದಾರಿ ಯಾವ ಕಡೆಯೆಂದು ಅಲ್ಲೇ ನಿಂತು ಬೋರ್ಡು ಓದತೊಡಗಿದರೆ ಹಿಂದಿನವರಿಗೆ ನಿಲ್ಲುವ ಆಯ್ಕೆಯೇ ಇಲ್ಲ.

ಒಂದು ಬದಿ ನಿಲ್ಲುವವರಿಗೆ, ಇನ್ನೊಂದು ಬದಿ ನಡೆಯುವವರಿಗೆ ಎಂಬ ಶಿಸ್ತು ಲಂಡನ್ನಿನಲ್ಲಿ ಬಹಳ ಹಳೆಯದು. ಅಲ್ಲಿನ ಹೋಬರ್ನ್ ನಿಲ್ದಾಣದಲ್ಲಿ, 23 ಮೀಟರಿಗೂ ಎತ್ತರದ ಎಸ್ಕಲೇಟರಿನಲ್ಲಿ, 2015ರ ಕೊನೆಗೆ ಎರಡೂ ಬದಿ ನಿಲ್ಲಿಸಿ ನೋಡಿದರು. ದಟ್ಟಣೆಯ ಹೊತ್ತಿನಲ್ಲಿ ದಾಟಿದವರ ಸಂಖ್ಯೆ ಸುಮಾರು ಶೇ 30 ಏರಿತು. ಅಷ್ಟೆತ್ತರ ನಡೆದು ಹತ್ತುವವರು ಕಡಿಮೆ, ನಡೆಯುವವರಿಗೆ ಎದುರು ಖಾಲಿ ಮೆಟ್ಟಿಲೂ ಬೇಕು. ಹಾಗಾಗಿ ಆ ಬದಿ ಅರ್ಧ ಖಾಲಿಯೇ ಓಡುತ್ತದೆ. ಜಪಾನಿನ ಸೈತಾಮ ಪ್ರಾಂತ್ಯ 2021ರಲ್ಲಿ, ನಗೋಯಾ ನಗರ 2023ರಲ್ಲಿ ಎಸ್ಕಲೇಟರಿನ ಮೇಲೆ ನಿಂತೇ ಹೋಗಬೇಕೆಂಬ ಕಾನೂನನ್ನೇ ತಂದವು. ಬೆಂಗಳೂರಿನಲ್ಲಿ ನಮ್ಮ ಮೆಟ್ರೊ ಶುರುವಾದದ್ದು 2011ರಲ್ಲಿ. ಒಂದು ಬದಿಯನ್ನು ಬಿಟ್ಟುಕೊಡುವ ಶಿಸ್ತು ನಮಗೆ ಪೂರ್ತಿ ಅಂಟಿಲ್ಲ. ಅಂಟದಿರುವುದೇ ಲೇಸು. ಅವಸರವಿದ್ದವರಿಗೆ ಪಕ್ಕದಲ್ಲೇ ಕದಲದ ಮೆಟ್ಟಿಲುಗಳಿವೆ. ದೊಡ್ಡ ಸೂಟ್‌ಕೇಸು, ಮಗುವಿನ ತಳ್ಳುಗಾಡಿ, ಊರುಗೋಲು ಇದ್ದವರಿಗೆ ಲಿಫ್ಟು ಇದೆ. ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವವರು ಹತ್ತುವಾಗ ಅವರ ಹಿಂದೆ, ಇಳಿಯುವಾಗ ಅವರ ಮುಂದೆ, ಎರಡೂ ಸಲ ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕು.

ಕೊನೆಗೆ, ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿ. ಅದು ಮೇಲೊಂದು, ಕೆಳಗೊಂದು ಇದ್ದೇ ಇರುತ್ತದೆ; ತುಂಬ ಉದ್ದದ್ದಕ್ಕೆ ನಡುವೆಯೂ ಇರುತ್ತದೆ. ಸೀರೆಯೋ ಚಪ್ಪಲಿಯೋ ಸಿಕ್ಕಿದರೆ ಜನರ ಮೊದಲ ಪ್ರತಿಕ್ರಿಯೆ ಎಳೆಯುವುದು. ಎಳೆತದಲ್ಲಿ ಗೆಲ್ಲುವುದು ಮೋಟಾರು. ಚಪ್ಪಲಿಯಾದರೆ ಕಾಲು ಬಿಡಿಸಿಕೊಂಡು ಬಿಟ್ಟುಬಿಡಬೇಕು. ಬಟ್ಟೆಯಾದರೆ ಕೂಗಬೇಕು, ಗುಂಡಿಯ ಹತ್ತಿರ ಇದ್ದವರು ಒತ್ತಬೇಕು. ಒತ್ತುವವರು "ಪಟ್ಟಿ ಹಿಡ್ಕೊಳ್ಳಿ" ಎಂದು ಕಿರುಚಿ ಒತ್ತಿದರೆ ಉಳಿದವರು ಉರುಳುವುದು ತಪ್ಪುತ್ತದೆ. ಒತ್ತಿದೊಡನೆ ನಿಲ್ಲಲಿಲ್ಲವೆಂದು ಗಾಬರಿ ಬೇಡ. ಅರ್ಧ ಮೀಟರ್ ವೇಗದ ಯಂತ್ರ 20 ಸೆಂಟಿಮೀಟರಿನಿಂದ ಒಂದು ಮೀಟರ್ ದೂರ ಹೋಗಿಯೇ ನಿಲ್ಲಬೇಕೆಂದು ಮಾನದಂಡವೇ ಹೇಳುತ್ತದೆ. ಅದಕ್ಕಿಂತ ಬೇಗ ನಿಂತರೆ ಮೇಲಿದ್ದವರೆಲ್ಲ ಮುಗ್ಗರಿಸುತ್ತಾರೆ. ನಿಂತ ಮೇಲೆ ಅದನ್ನು ಮತ್ತೆ ಚಾಲೂ ಮಾಡಲು ಕೀಲಿ ಬೇಕು, ಅದು ನಿಲ್ದಾಣದ ಸಿಬ್ಬಂದಿಯ ಬಳಿ ಇರುತ್ತದೆ. ಯಂತ್ರದ ಮೇಲೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿದ ಮೇಲಷ್ಟೇ ಅವರು ಅದನ್ನು ತಿರುಗಿಸಬೇಕು.